ಚಾಕು ಒರೆಸಿದ ಕೈ

ಸೋಮವಾರ ಬೆಳಗ್ಗೆ ಹತ್ತೂಕಾಲಿಗೆ ಠಾಣೆಗೆ ಬಂದ ಬೇಕರಿ ಯಜಮಾನಿ, ದೂರು ಹೇಳುವ ಮೊದಲೇ ತನ್ನ ಫೋನನ್ನು ಇನ್‌ಸ್ಪೆಕ್ಟರ್ ಮೇಜಿನ ಮೇಲಿಟ್ಟಳು. ಜೊತೆಗೆ ಬಂದವನು ಅವಳ ತಮ್ಮ. ಅಂಗಡಿಯ ಸೋಷಿಯಲ್ ಮೀಡಿಯಾ ಪೇಜ್ ನೋಡಿಕೊಳ್ಳುವವನು ಅವನೇ.

ಫೋನಿನಲ್ಲಿ ಒಂದು ವಿಡಿಯೋ ಓಡುತ್ತಿತ್ತು. ಬಿಳಿ ಬಟ್ಟೆ ಹಾಸಿದ ಮೇಜು, ಬೇಕರಿಯ ಹೆಸರಿದ್ದ ಡಬ್ಬಿ, ಕೈಗವಸು ಹಾಕಿದ ಎರಡು ಕೈ. ಚಾಕು ಕೇಕಿಗೆ ಇಳಿದು ಒಂದು ತುಂಡು ಹೊರಬಂತು. ಎರಡು ಪದರಗಳ ನಡುವೆ, ಕ್ರೀಮಿನಲ್ಲಿ, ಸತ್ತ ಜಿರಳೆ.

"ಶನಿವಾರ ಸಂಜೆ ಹಾಕಿದಾರೆ ಸಾರ್. ನಿನ್ನೆ ನಗರಸಭೆಯವ್ರು ಅಂಗಡಿಗೆ ಬೀಗ ಜಡಿದ್ರು. ಹದಿನಾಲ್ಕು ವರ್ಷದ ಅಂಗಡಿ. ತನಿಖೆ ಮುಗಿಯೋವರ್ಗೂ ತೆಗೆಯಲ್ವಂತೆ."

"ಯಾರ ಮೇಲೆ ಅನುಮಾನ?"

"ಎದುರು ಬೇಕರಿಯವ್ನು. ಇನ್ಯಾರಿಗೆ ಹೊಟ್ಟೆಕಿಚ್ಚು?"

ಇನ್‌ಸ್ಪೆಕ್ಟರ್ ತಮ್ಮನ ಕಡೆ ತಿರುಗಿದರು. "ನಿಮ್ಮ ಪೇಜ್ ಹೇಗೆ ನಡೀತಿತ್ತು?"

"ಮೊದ್ಲು ಬರೀ ಕೇಕ್ ಫೋಟೋ ಹಾಕ್ತಿದ್ವಿ ಸಾರ್, ನಾಯಿನೂ ಮೂಸ್ತಿರ್ಲಿಲ್ಲ. ಆಮೇಲೆ ಭಾವನ್ನ ಹಾಕೋಕೆ ಶುರು ಮಾಡಿದ್ವಿ. ಜನಕ್ಕೆ ನಗು ಬೇಕು ಸಾರ್."

ಕೇಕ್ ಮಾಡುವ ಭಾವನಿಗೆ ಮಾತು ತೊದಲುತ್ತಿತ್ತು. ಒಂದು ಕೇಕಿನ ಹೆಸರು ಹೇಳಲು ಅವನು ಪಡುವ ಪಾಡನ್ನು ಬಾಮೈದ ಚಿತ್ರೀಕರಿಸಿ, ಹಿಂದೆ ತಮಾಷೆಯ ವಾದ್ಯ ಸೇರಿಸಿ ಹಾಕಿದ್ದ. ಊರಿಗೆ ಊರೇ ನಕ್ಕಿತು. ನಕ್ಕವರು ಅಂಗಡಿಗೆ ಬಂದರು, ಬಂದವರು ಕೇಕ್ ಕೊಂಡರು. ಅವನಿಗೆ 'ಬಬ್ಬಾವ' ಎಂಬ ಹೆಸರು ಬಿತ್ತು. ಶಾಲೆಗೆ ಹೋಗುವ ಮಕ್ಕಳೂ ಬಾಗಿಲಲ್ಲಿ ನಿಂತು ಹಾಗೆಯೇ ಕೂಗುತ್ತಿದ್ದರು. ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ. ಆದರೆ ಇಲಿಯನ್ನು ಕೇಳುವವರು ಯಾರು?

ಅಪರಿಚಿತ ವ್ಯಕ್ತಿಯ ಮೇಲೆ ಎಫ್‌ಐಆರ್ ದಾಖಲಾಯಿತು. ವಿಡಿಯೋ ಹಾಕಿದ ಖಾತೆ ಯಾರದೆಂದು ತಿಳಿಸುವಂತೆ ಕಂಪನಿಗೆ ಪತ್ರ ಹೋಯಿತು.

ಮಧ್ಯಾಹ್ನ ಇನ್‌ಸ್ಪೆಕ್ಟರ್ ಮತ್ತು ಮಹಿಳಾ ಕಾನ್‌ಸ್ಟೇಬಲ್ ಎದುರು ಬೇಕರಿಗೆ ಹೋದರು. ಅದರ ಮಾಲೀಕ ಖಾಲಿ ಕುರ್ಚಿಗಳ ನಡುವೆ ಕೈಕಟ್ಟಿ ಕೂತಿದ್ದ.

"ಶನಿವಾರ ಎಲ್ಲಿದ್ರಿ?"

"ಇಲ್ಲೇ. ಇನ್ನೆಲ್ಲಿಗೆ ಹೋಗ್ಲಿ?"

"ಅವರ ಅಂಗಡಿ ಮುಚ್ಚಿದ್ರೆ ನಿಮಗೆ ಲಾಭ ಅಲ್ವಾ?"

"ಲಾಭಾನಾ! ಸುತ್ತ ನೋಡಿ ಸಾರ್. ಒಂದು ಬೇಕರೀಲಿ ಜಿರಳೆ ಅಂದ್ರೆ ಜನಕ್ಕೆ ಎಲ್ಲಾ ಬೇಕರೀಲೂ ಜಿರಳೆನೇ. ಅವ್ರ ಮನೆಗೆ ಬಿದ್ದ ಬೆಂಕಿ ನನ್ನ ಮನೇನೂ ಸುಡ್ತಿದೆ."

ಮಾತು ಸುಳ್ಳೆನಿಸಲಿಲ್ಲ. ಜೀಪಿನಲ್ಲಿ ಕೂತ ಕಾನ್‌ಸ್ಟೇಬಲ್ ವಿಡಿಯೋವನ್ನು ಮತ್ತೆ ಮತ್ತೆ ನೋಡಿದಳು.

"ಸಾರ್, ಬೈಯೋಕೆ ಮಾಡಿರೋ ವಿಡಿಯೋದಲ್ಲಿ ಒಂದು ಬೈಗುಳಾನೂ ಇಲ್ಲ. ಜಿರಳೆ ಕಂಡ್ರೆ ನಾನಾಗಿದ್ರೆ ಬೀದಿಗೆ ಕೇಳೋ ಹಾಗೆ ಕಿರುಚ್ತಿದ್ದೆ."

"ಇನ್ನೇನು ಕಾಣ್ಸುತ್ತೆ?"

"ಈ ಚಾಕು ನೋಡಿ. ಕೇಕ್ ಕೊಯ್ಯೋ ಮುಂಚೆ ಬಿಸಿನೀರಲ್ಲಿ ಅದ್ದಿ ಒರೆಸ್ತಾರೆ. ಜಿರಳೆ ಸಿಕ್ಕ ಮೇಲೂ ಒರೆಸಿ, ನೇರವಾಗಿ ಇಡ್ತಾರೆ. ಮನೇಲಿ ಯಾರು ಸಾರ್ ಹೀಗೆ ಮಾಡೋದು? ನಾವು ಚಾಕು ಬಿಸಾಕಿ ಬೆರಳು ನೆಕ್ಕೋರು!"

ಇನ್‌ಸ್ಪೆಕ್ಟರ್ ನಗಲಿಲ್ಲ. ದೂರುದಾರಳ ಬೇಕರಿಯನ್ನೇ ತೆಗೆಸಿ ನೋಡಬೇಕೆಂದು ಜೀಪನ್ನು ನಗರಸಭೆಯ ಕಡೆಗೆ ತಿರುಗಿಸಲು ಹೇಳಿದರು.

ಮಂಗಳವಾರ ಹನ್ನೊಂದಕ್ಕೆ, ನಗರಸಭೆಯ ಆರೋಗ್ಯಾಧಿಕಾರಿ ಮತ್ತು ಇಬ್ಬರು ಪಂಚರ ಎದುರು ಬೀಗ ತೆಗೆದು ಪಂಚನಾಮೆ ಶುರುವಾಯಿತು. ಅಡುಗೆಮನೆ ಕನ್ನಡಿಯಂತಿತ್ತು. ತಟ್ಟೆಗಳು ಅಳತೆಗೆ ತಕ್ಕಂತೆ ಒಂದರ ಮೇಲೊಂದು ಕೂತಿದ್ದವು, ಒಲೆಯ ಹಿಂದೆ ಬೆರಳಾಡಿಸಿದರೂ ಜಿಡ್ಡು ಹತ್ತಲಿಲ್ಲ. ಇಂಥ ಕಡೆ ಜಿರಳೆ ಬರಬೇಕಾದರೆ ಯಾರಾದರೂ ಕರೆತರಬೇಕು.

ಫ್ರಿಜ್ಜಿನಲ್ಲಿ ಶನಿವಾರದ ಒಂದು ಕೇಕ್ ಉಳಿದಿತ್ತು. ಪ್ರಯೋಗಾಲಯಕ್ಕೆ ಕಳಿಸಲು ಅದರ ತುಂಡು ಬೇಕಾಗಿತ್ತು. ಮೂಲೆಯಲ್ಲಿ ನಿಂತಿದ್ದ ಯಜಮಾನಿಯ ಗಂಡನಿಗೆ ಇನ್‌ಸ್ಪೆಕ್ಟರ್ ಹೇಳಿದರು, "ಒಂದು ತುಂಡು ಕೊಯ್ದು ಕೊಡಿ."

ಅವನು ಲೋಟದಲ್ಲಿ ಬಿಸಿನೀರು ತಂದ. ಚಾಕು ಅದ್ದಿದ, ಒರೆಸಿದ, ಕೊಯ್ದ. ಮತ್ತೆ ಒರೆಸಿ ಮೇಜಿನ ಅಂಚಿಗೆ ಸರಿಯಾಗಿ ಇಟ್ಟ. ಕಸದ ಬುಟ್ಟಿಗೆ ಹೋಗುವ ಹಳಸಲು ಕೇಕನ್ನೂ ಅವನ ಕೈ ಬೇರೆ ರೀತಿ ಕೊಯ್ಯಲಾರದು. ಕಾನ್‌ಸ್ಟೇಬಲ್ ಇನ್‌ಸ್ಪೆಕ್ಟರ್ ಮುಖ ನೋಡಿದಳು.

ಆದರೂ ಚಾಕು ಒರೆಸಿದ್ದು ಅಪರಾಧಕ್ಕೆ ಸಾಕ್ಷಿಯಲ್ಲ. ಗುರುವಾರ ಕಂಪನಿಯ ಉತ್ತರ ಬಂತು. ವಿಡಿಯೋ ಹೋದದ್ದು ಬೇಕರಿಯದೇ ವೈಫೈನಿಂದ, ಖಾತೆ ತೆರೆದದ್ದು ಗಂಡನ ನಂಬರಿನಿಂದ. ಸಂಜೆ ನಾಲ್ಕಕ್ಕೆ ಅವನನ್ನು ಬಂಧಿಸಲಾಯಿತು. ಅವನು ತಪ್ಪಿಸಿಕೊಳ್ಳಲು ನೋಡಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಜೀಪು ಹತ್ತಿದ. ಬೀದಿಯಲ್ಲಿ ನಿಂತವರು ಫೋನ್ ಎತ್ತಿ ಹಿಡಿದು, "ಬಬ್ಬಾವ, ಏನಾದ್ರೂ ಹೇಳಿ!" ಎಂದು ಕೂಗಿದರು. ಥೂ, ನಾಚಿಕೆಯಾದರೂ ಬೇಡವೇ!

ಠಾಣೆಯಲ್ಲಿ ಅವನ ಹೇಳಿಕೆ ಬರೆದುಕೊಳ್ಳಲು ಕತ್ತಲಾಯಿತು. ಇಲ್ಲಿ ಒಂದೇ ಉಸಿರಿಗೆ ಓದಿಸಿಕೊಳ್ಳುತ್ತದೆ, ಹೇಳುವಾಗ ಹಾಗಿರಲಿಲ್ಲ. ಇನ್‌ಸ್ಪೆಕ್ಟರ್ ಎಲ್ಲೂ ಅವನ ಮಾತಿಗೆ ತಮ್ಮ ಮಾತು ಸೇರಿಸಲಿಲ್ಲ.

"ಜಿರಳೆ ಹೊರಗಡೆಯಿಂದ ತಂದೆ ಸಾರ್. ಉಗ್ರಾಣದಲ್ಲಿ ಬಟ್ಟೆ ಹಾಸಿ ನಾನೇ ವಿಡಿಯೋ ಮಾಡ್ದೆ. ಕೆಟ್ಟ ಹೆಸರು ಬಂದ್ರೆ ಪೇಜ್ ಮುಚ್ತಾರೆ, ಅಷ್ಟೇ ಅಂದ್ಕೊಂಡೆ. ಅಂಗಡಿಗೇ ಬೀಗ ಬೀಳುತ್ತೆ ಅಂತ ಯೋಚ್ನೆ ಬರ್ಲಿಲ್ಲ. ಆ ಅಂಗಡಿ ಬಿಟ್ರೆ ನನಗೂ ಏನೂ ಗೊತ್ತಿಲ್ಲ."

ಅಷ್ಟರಲ್ಲಿ ಹೆಂಡತಿ, ತಮ್ಮನನ್ನು ಕರೆದುಕೊಂಡು, ಒಳಗೆ ನುಗ್ಗಿದಳು. ಅವಳ ಕಣ್ಣು ಕೆಂಪಾಗಿತ್ತು.

"ಉಂಡ ಮನೆಗೇ ಎರಡು ಬಗೆದ್ರಲ್ರೀ! ಇಷ್ಟು ಸಂಕಟ ಇದ್ರೆ ಬೇಡ ಅಂತ ಒಂದು ಮಾತು ಹೇಳೋಕಾಗ್ತಿರ್ಲಿಲ್ವಾ?"

ಅವನು ಬಾಯಿ ತೆರೆದ. ಎಲ್ಲರೂ ಕಾದರು.

"ಹೇಳಿದ್ದೆ," ಎಂದ.

"ಯಾವಾಗ?"

ತಮ್ಮ ನೆಲ ನೋಡಿದ. ಅದನ್ನು ಗಮನಿಸಿದ ಕಾನ್‌ಸ್ಟೇಬಲ್ ಬೇಕರಿಯ ಪೇಜ್ ತೆರೆದು, ಜನ ಅತಿ ಹೆಚ್ಚು ನೋಡಿದ ವಿಡಿಯೋ ಹುಡುಕಿ ಮೇಜಿನ ಮೇಲಿಟ್ಟಳು. ಒಲೆಯ ಮುಂದೆ ನಿಂತ ಅವನು ಕ್ಯಾಮೆರಾಕ್ಕೆ ಅಂಗೈ ಅಡ್ಡ ಹಿಡಿದಿದ್ದ. "ಬ... ಬ... ಬೇ..." ಮುಖ ಕೆಂಪೇರಿ, ಕತ್ತಿನ ನರ ಉಬ್ಬಿತ್ತು. ಹಿಂದೆ ತಮಾಷೆಯ ವಾದ್ಯ. ಅದಕ್ಕಿಂತ ಜೋರಾಗಿ, ಕ್ಯಾಮೆರಾದ ಈಚೆ, ಹೆಂಗಸೊಬ್ಬಳ ನಗು.

ಆ ನಗು ಯಾರದೆಂದು ಠಾಣೆಯಲ್ಲಿ ಯಾರೂ ಕೇಳಬೇಕಾಗಿರಲಿಲ್ಲ. ಯಜಮಾನಿ ವಿಡಿಯೋ ನಿಲ್ಲಿಸಲು ಕೈ ಚಾಚಿದಳು. ಕಾನ್‌ಸ್ಟೇಬಲ್ ಫೋನನ್ನು ಪಕ್ಕಕ್ಕೆ ಸರಿಸಿದಳು.

"ತಡೀರಿ ಅಮ್ಮಾ," ಎಂದಳು. "ಅವ್ರ ಮಾತು ಇನ್ನೂ ಮುಗಿದಿಲ್ಲ."