ಯಂಕವ್ವನ ಹೇಳಿಕೆಯ ಫ್ಲಾಪಿ

೧೯೯೮ರ ಬೇಸಿಗೆ. ಯಂಕವ್ವ ಖಡಕಿಯ ನಮ್ಮ ಟೈಪಿಂಗ್ ಕ್ಲಾಸಿಗೆ ಬಂದವಳೇ ಕಾಗದವೊಂದನ್ನು ಕ್ಲಾಸು ನಡೆಸುವ ಸಾವಿತ್ರಿಬಾಯಿಯವರ ಮೇಜಿನ ಮೇಲೆ ಬಡಿದಳು.

"ಬಾಯಾರ, ನನ್ನ ಗಂಡ ಕುಡದು ಬಿದ್ದು ಸತ್ತ ಅಂತ ನಾನೇ ಹೇಳೀನಂತ! ಕೊರಳಾಗ ತುಳಸಿ ಮಾಲಿ ಹಾಕಿದಾಂವ್ರೀ ಅಂವ, ಸೆರೆ ಮುಟ್ಟತಿದ್ದಿಲ್ಲ!"

ಅವಳ ಗಂಡ ಧರ್ಮಣ್ಣ ಕೊಂಢವಾ ಬಡಾವಣೆಯಲ್ಲಿ ಕಟ್ಟುತ್ತಿದ್ದ ಕಟ್ಟಡದ ಐದನೆಯ ಮಾಳಿಗೆಯಿಂದ ಬಿದ್ದಿದ್ದ. ಸೊಂಟಕ್ಕೆ ಕಟ್ಟುವ ಬೆಲ್ಟ್ ಕೊಟ್ಟಿರಲಿಲ್ಲ ಎಂದು ಅವಳು ಹೇಳಿದ್ದನ್ನು ನಮ್ಮ ಓಣಿಯ ಟೈಪಿಸ್ಟ್ ಮಹೇಶಕುಮಾರ ಇಂಗ್ಲಿಷಿನಲ್ಲಿ ಟೈಪ್ ಮಾಡಿ ಫ್ಲಾಪಿಗೆ ಹಾಕಿಕೊಟ್ಟಿದ್ದ. ಅವನ ಪ್ರಿಂಟರ್ ಕೆಟ್ಟಿತ್ತು. ಕಟ್ಟಡದ ಸೂಪರ್‌ವೈಸರ್ ಪ್ರೇಮಕುಮಾರ ಯಂಕವ್ವನ ಊರಿನವನೇ; ತನ್ನ ಆಫೀಸಿನಲ್ಲಿ ಪ್ರಿಂಟ್ ತೆಗೆದು, ಕನ್ನಡದಲ್ಲಿ ಓದಿ ಹೇಳಿ, ಹೆಬ್ಬೆಟ್ಟು ಒತ್ತಿಸಿದ್ದ. ಬೇರೆಯವರು ಓದಿದಾಗಲೇ ಅದರಲ್ಲಿದ್ದದ್ದು ಅವಳಿಗೆ ತಿಳಿದದ್ದು. ನಾಳಿದ್ದು ಪರಿಹಾರದ ವಿಚಾರಣೆ. ಈ ಕಾಗದವೇ ನಿಂತರೆ ತಪ್ಪೆಲ್ಲ ಸತ್ತವನದೇ.

ಟೈಪ್ ಮಾಡಿದವನು ಅವನೇ ಎಂದು ಓಣಿಯೆಲ್ಲ ಮಹೇಶಕುಮಾರನಿಗೆ ಉಗಿಯುತ್ತಿತ್ತು. ಸುಳ್ಳೇಕೆ, ನಾನೂ ಉಗಿದೆ.

ಅವನೇ ಫ್ಲಾಪಿ ಹಿಡಿದು ಓಡಿಬಂದ. "ಪ್ರೇಮಣ್ಣ ತಿರುಗಿ ಕೊಟ್ಟಾನ್ರಿ. ನಾ ಮಾಡಿದ ಫೈಲು ನನ್ನ ಕಂಪ್ಯೂಟರಿನ್ಯಾಗ ತೆರೀವಲ್ದು, ಬರೇ ಕಸ ಕಾಣ್ತದ!"

ಸಾವಿತ್ರಿಬಾಯಿ ಕನ್ನಡಕ ಏರಿಸಿದರು. ಮೂವತ್ತು ವರ್ಷ ಟೈಪ್ ಮಾಡಿ ನಿವೃತ್ತರಾದವರು. ಓಣಿಯ ಕಳವು, ಜಗಳ ಎಲ್ಲ ಅವರ ಮುಂದೆಯೇ ಬಿಚ್ಚಿಕೊಳ್ಳುತ್ತಿದ್ದವು. "ರೇಣು, ನಮ್ಮ ಹೊಸ ವರ್ಡ್‌ನಾಗ ತೆಗಿ" ಎಂದರು. ತೆರೆಯಿತು. ಒಂಬತ್ತೇ ಸಾಲು, ಫೈಲಿನ ಗಾತ್ರ ಮಾತ್ರ ದೊಡ್ಡದು.

"ಒಂಬತ್ತು ಸಾಲಿಗೆ ಇಷ್ಟು ಹೊಟ್ಟಿ ಯಾಕ ಬಂತು ಇದಕ್ಕ?" ಎಂದರು.

ಅದೇ ಸಾಲುಗಳನ್ನು ನಾನು ಬೇರೆ ಫೈಲಿಗೆ ಟೈಪ್ ಮಾಡಿ ಉಳಿಸಿದೆ. ಗಾತ್ರ ಅರ್ಧಕ್ಕೂ ಕಡಿಮೆ ಬಂತು. ಸಾವಿತ್ರಿಬಾಯಿ ಫ್ಲಾಪಿಯ ಫೈಲನ್ನು ಬರೀ ಅಕ್ಷರ ತೋರಿಸುವ ನೋಟ್‌ಪ್ಯಾಡ್‌ನಲ್ಲಿ ತೆರೆದು ಬಹಳ ಹೊತ್ತು ಓದಿದರು.

ಮರುದಿನ ಎಲ್ಲರನ್ನೂ ಕರೆಸಿದರು. ಪ್ರೇಮಕುಮಾರ ಕೂರುವ ಮೊದಲೇ "ಮಹೇಶಾ, ತಪ್ಪು ಒಪ್ಪಿಕೊಂಡುಬಿಡಪಾ" ಎಂದ. ಏನು ಎದೆಗಾರಿಕೆ!

"ಮಹೇಶನ ಹತ್ರ ಹಳೇ ವರ್ಡ್ ಅದ" ಎಂದರು ಬಾಯಿ. "ಹೊಸಾದರ ಫೈಲು ಅದಕ್ಕ ಮಾಡಾಕೂ ಬರಂಗಿಲ್ಲ, ಓದಾಕೂ ಬರಂಗಿಲ್ಲ. ಈ ಫೈಲು ಕಡೀಗೆ ಉಳಿಸಿದ್ದು ಹೊಸ ವರ್ಡ್‌ನಾಗ. ಫ್ಲಾಪಿ ಅವನ ಕೈಬಿಟ್ಟು ಹೋಗಿದ್ದು ನಿನ್ನ ಆಫೀಸಿಗೆ ಮಾತ್ರ."

"ಏನೋ ಕಂಪ್ಯೂಟರ್ ಗಡಬಡ ಇರಬೇಕ್ರಿ…"

"ಇರು. ಮೊದಲು ಇದ್ದಂಗ ಉಳಿಸಿದಿ, ಆಮ್ಯಾಲ ತಿದ್ದಿದಿ. ಹೊಸ ವರ್ಡ್ ಲಗೂನ ಉಳಿಸಬೇಕಂತ ಅಳಿಸಿದ್ದನ್ನ ಹೊರಗ ಒಗಿಯಂಗಿಲ್ಲ, ಒಳಗ ಇಟ್ಕೊಂತದ. ಫೈಲು ಉಬ್ಬಿದ್ದು ಅದಕ್ಕ. 'ಬೆಲ್ಟ್ ಕೊಟ್ಟಿರಲಿಲ್ಲ' ಅಂತ ಆಕಿ ಮಾತು ಅದರಾಗ ಇನ್ನೂ ಅದ. ಅದನ್ನ ಅಳಿಸಿ 'ಕಾಲು ಜಾರಿತು' ಅಂತ ಬರದಿ. ಸಾಲದಂತ 'ತಲಿ ತಿರುಗಿತು'. ಕಡೀಗೆ 'ಕುಡಿದಿದ್ದ'. ನಡುವ ಎರಡು ಸಲ ನಿಲ್ಲಬಹುದಾಗಿತ್ತಲ್ಲೋ ಪ್ರೇಮಾ!"

ಪ್ರೇಮಕುಮಾರ ತಲೆ ತಗ್ಗಿಸಿದ. "ಬೆಲ್ಟ್ ಕೊಡೋದು ನನ್ನ ಕೆಲಸಿತ್ರಿ. ನೌಕರಿ ಹೋಗ್ತಿತ್ತು."

ಯಂಕವ್ವ ಅಳಲಿಲ್ಲ. "ಓದುವಾಗ ನಾ ಹೇಳಿದಂಗೇ ಓದಿದಿ. ನಮ್ಮೂರಾಂವ ಅಂತ ಬೆರಳು ಕೊಟ್ಟೆ" ಎಂದಳು.

ಉಳಿದವರು ಹೊರಗೆ ಹೋದ ಮೇಲೆ ನಾನು ಅವಳ ನಿಜವಾದ ಹೇಳಿಕೆಯನ್ನು ಹಳೆಯ ವರ್ಡ್‌ನಲ್ಲಿಯೂ ತೆರೆಯುವಂತೆ ಉಳಿಸಿ, ಪ್ರಿಂಟ್ ತೆಗೆದು, ಕನ್ನಡದಲ್ಲಿ ಓದಿ ಹೇಳಿ, ಶಾಯಿ ಮುಂದಿಟ್ಟೆ. ಅವಳು ಬೆರಳು ಎತ್ತಲಿಲ್ಲ.

"ನೀ ಹೊರಗ ಹೋಗವ್ವಾ. ಮಹೇಶನ್ನ ಕಳಿಸು, ಅಂವ ಓದ್ಲಿ. ಆಮ್ಯಾಲ ಬಾಯಾರು ಓದ್ಲಿ."

ನನಗೆ ಸಿಟ್ಟು ಬಂತು. ಹೊರಗೆ ನಿಂತಾಗ ನಾಚಿಕೆಯಾಯಿತು. ಒಬ್ಬೊಬ್ಬರಾಗಿ ಓದಿದ ಮೂವರ ಮಾತೂ ತಾಳೆಯಾದ ಮೇಲೆಯೇ ಅವಳು ಹೆಬ್ಬೆಟ್ಟು ಒತ್ತಿದಳು. ಅಂದಿನಿಂದ ಊರಿನ ಪತ್ರ ಬಂದರೂ ಅವಳು ಇಬ್ಬರ ಕೈಲಿ ಓದಿಸುತ್ತಿದ್ದಳು.