ಪೈನ್ ಮರದ ಇಂಟು ಮಾರ್ಕು

"ಪಾಪ, ಈ ಮರಾನ ಕಡೀತಾರೆ," ಎಂದಳು ಎಸ್ತೆಲ್.

ಪೈನ್ ಮರದ ಕಾಂಡದ ಮೇಲೆ ಯಾರೋ ಪೇಂಟಿನಲ್ಲಿ ಇಂಟು ಮಾರ್ಕು ಹಾಕಿದ್ದರು. ಒಂದು ಗೀಟು ಬಿಳಿ, ಇನ್ನೊಂದು ಕೆಂಪು. ಎಸ್ತೆಲ್ ತೊಗಟೆಯನ್ನು ಒಮ್ಮೆ ನೇವರಿಸಿ, ಅಗಲವಾದ ದಾರಿಯಲ್ಲಿ ಮುಂದೆ ನಡೆದಳು. ಅವಳ ಹಿಂದೆ ಗಾಸ್ಪಾರ್. ಅವನ ಹಿಂದೆ ಕ್ಲಾಸಿನ ಉಳಿದ ಒಂಬತ್ತು ಮಕ್ಕಳು. ಎಲ್ಲರಿಗಿಂತ ಕೊನೆಯಲ್ಲಿ ಕ್ಲೋತಿಲ್ಡ್ ಮಿಸ್. ಪುಟ್ಟ ನಿನೋನ ಶೂಗೆ ಮೂರನೇ ಸಲ ಕಲ್ಲು ಸೇರಿತ್ತು. ಮಿಸ್ ಬಗ್ಗಿ ಅದನ್ನು ತೆಗೆಯುತ್ತಿದ್ದರು.

"ಗೈಡ್ ಮೇಡಂ, ಇನ್ನೂ ಎಷ್ಟು ದೂರ?" ಗಾಸ್ಪಾರ್ ಕೇಳಿದ.

"ಸ್ವಲ್ಪ."

"ಆಗಿಂದ ಸ್ವಲ್ಪ ಸ್ವಲ್ಪ ಅಂತಾನೇ ಇದೀಯ. ನಿಜವಾಗ್ಲೂ ಬಂದಿದ್ಯೇನೇ ಇಲ್ಲಿಗೆ?"

"ಬಂದಿದೀನಿ ಅಂದ್ನಲ್ಲ. ಅಪ್ಪನ ಜೊತೆ."

ಅಪ್ಪನ ಮಾತು ಬಂದರೆ ಗಾಸ್ಪಾರ್ ಕೂಡ ಸುಮ್ಮನಾಗುತ್ತಿದ್ದ.

ಎಸ್ತೆಲ್ ಹೇಳಿದ್ದು ಸುಳ್ಳು.

ಅದು ಶುರುವಾಗಿದ್ದು ಸೋಮವಾರ. ಕ್ಲೋತಿಲ್ಡ್ ಮಿಸ್ ಈ ವರ್ಷವಷ್ಟೇ ಉತ್ತರದ ಬಯಲು ನಾಡಿನಿಂದ ಬಂದವರು. ದಿನಾ ಬೆಳಿಗ್ಗೆ ಹಾಜರಿ ಕೂಗುವ ಮೊದಲು ಕಿಟಕಿಯ ಹತ್ತಿರ ನಿಂತು ಬೆಟ್ಟ ನೋಡುತ್ತಿದ್ದರು. ಊರಿನ ಹಿಂದೆಯೇ ಬೆಟ್ಟ. ಅಷ್ಟೇನೂ ಎತ್ತರವಲ್ಲ. ಆದರೆ ಅದರ ನೆತ್ತಿಯ ಮೇಲೆ ಬೂದು ಬಣ್ಣದ ಬಂಡೆಗಳು ತೆಳ್ಳಗೆ, ಸಾಲಾಗಿ, ಆಕಾಶಕ್ಕೆ ಒರಗಿಸಿಟ್ಟಂತೆ ನಿಂತಿವೆ. ಅಂಚು ಅಂಚಿನಲ್ಲಿ ತೂತು, ಚೂಪು, ಕಚ್ಚು. ಅದಕ್ಕೇ ಅದರ ಹೆಸರು ದಾಂತೆಲ್, ಅಂದರೆ ಲೇಸ್ ಹೆಣಿಗೆ.

"ನಮ್ಮೂರಲ್ಲಿ ಎತ್ತರ ಅಂದ್ರೆ ಚರ್ಚಿನ ಗೋಪುರ ಒಂದೇ," ಎಂದಿದ್ದರು ಮಿಸ್. "ನೀವು ಪುಣ್ಯವಂತರು. ಯಾರ್ಯಾರು ಮೇಲೆ ಹತ್ತಿದೀರ? ಕೈ ಎತ್ತಿ ನೋಡೋಣ."

ಒಂದು ಕೈಯೂ ಏಳಲಿಲ್ಲ. ಅವರೆಲ್ಲ ದ್ರಾಕ್ಷಿ ತೋಟದ ಮಕ್ಕಳು. ಬೆಟ್ಟ ಹತ್ತುವುದು ಬೇಸಿಗೆಯಲ್ಲಿ ಕೋಲು ಹಿಡಿದು ಬರುವ ಹೊರಗಿನವರ ಕೆಲಸ.

"ಅಲ್ಲೇನಿದೆ ಮಿಸ್? ಬರೀ ಕಲ್ಲು," ಎಂದಿದ್ದ ಗಾಸ್ಪಾರ್.

ಆಗ ಎಸ್ತೆಲ್‌ಳ ಕೈ ತಾನಾಗಿ ಮೇಲೆದ್ದಿತ್ತು. "ನಾನು ಹತ್ತಿದೀನಿ ಮಿಸ್. ಅಪ್ಪ ಕರ್ಕೊಂಡು ಹೋಗಿದ್ರು. ಮೇಲೆ ಬಂಡೇಲಿ ಒಂದು ಕಿಟಕಿ ಇದೆ."

"ಹಾಗಾದ್ರೆ ಶುಕ್ರವಾರ ಎಲ್ಲರೂ ಹೋಗೋಣ, ನೀನೇ ನಮ್ಮ ಗೈಡ್," ಎಂದಿದ್ದರು ಮಿಸ್.

ಕಿಟಕಿ ಇರುವುದು ನಿಜ. ಅಪ್ಪ ಅದರ ಬಗ್ಗೆ ಎಷ್ಟೋ ಸಲ ಹೇಳಿದ್ದರು. ಹತ್ತು ವರ್ಷ ತುಂಬಲಿ, ಕರೆದುಕೊಂಡು ಹೋಗ್ತೀನಿ ಎಂದಿದ್ದರು. ಹೋದ ತಿಂಗಳು ಎಸ್ತೆಲ್‌ಗೆ ಹತ್ತು ತುಂಬಿತು. ಇದು ಅಪ್ಪ ಇಲ್ಲದ ಎರಡನೇ ಚಳಿಗಾಲ.

ಸೋಮವಾರದಿಂದ ಅವಳು ಆ ಪ್ರಯಾಣವನ್ನು ಮನಸ್ಸಿನಲ್ಲೇ ಅಷ್ಟಷ್ಟಾಗಿ ಕಟ್ಟಿಕೊಂಡಿದ್ದಳು. ಅಪ್ಪ ಮುಂದೆ, ತಾನು ಹಿಂದೆ. ಅಪ್ಪನ ಜೇಬಿನಲ್ಲಿ ಒಣ ಅಂಜೂರ. ಈಗ ಯಾರಿಗಾದರೂ ಸುಳ್ಳು ಗೊತ್ತಾದರೆ, ಅಂಜೂರದ ಸಮೇತ ಅಷ್ಟೂ ಹೋಗಿಬಿಡುತ್ತದೆ.

ಅವಳು ಬೇಗ ಬೇಗ ನಡೆದಳು.

ಅರ್ಧ ಗಂಟೆಯಾದ ಮೇಲೆ ದಾರಿ ನಿಂತೇಹೋಯಿತು. ಮುಂದೆ ಕುಸಿದ ಕಲ್ಲುಗೋಡೆ, ಮುಳ್ಳು ಪೊದೆ. ಅದರಾಚೆ ನೆಟ್ಟಗೆ ಎದ್ದ ಬಂಡೆ. ಎಡಕ್ಕೂ ಹೋಗುವಂತಿಲ್ಲ, ಬಲಕ್ಕೂ ಹೋಗುವಂತಿಲ್ಲ.

"ಇದೇನಾ ಕಿಟಕಿ?" ಎಂದ ಗಾಸ್ಪಾರ್. "ಬಾಗಿಲು ಹಾಕಿದಾರೆ ಅನ್ಸುತ್ತೆ."

ಎಲ್ಲರೂ ನಕ್ಕರು. ಅಷ್ಟರಲ್ಲಿ ಮಿಸ್ ನಿನೋನ ಕೈ ಹಿಡಿದುಕೊಂಡು ಬಂದರು. ಬಂಡೆ ನೋಡಿದರು, ಬ್ಯಾಗಿನಿಂದ ಮ್ಯಾಪ್ ತೆಗೆದು ನೋಡಿದರು.

"ಎಸ್ತೆಲ್ ಪುಟ್ಟ, ಬರ್ತಾ ಎಲ್ಲಾದ್ರೂ ಇಂಟು ಮಾರ್ಕು ಕಾಣಿಸ್ತಾ? ಬಿಳಿ, ಕೆಂಪು?"

"ಕಾಣಿಸ್ತು ಮಿಸ್. ಪೈನ್ ಮರದ ಮೇಲೆ."

"ಮತ್ತೆ? ಅದನ್ನ ನೋಡಿಯೂ ಈ ಕಡೆ ಬಂದ್ಯಾ?"

"ಆ ಮರ ಕಡೀತಾರಲ್ಲ ಮಿಸ್, ಅದಕ್ಕೇ ಹಾಕಿದಾರೆ."

"ಕಡೀತಾರೆ ಅಂತ ಯಾರು ಹೇಳಿದ್ರು?"

ಎಸ್ತೆಲ್‌ಗೆ ಆ ಪ್ರಶ್ನೆಯೇ ವಿಚಿತ್ರವೆನಿಸಿತು. ಎಲೆ ಉದುರುವ ಮೊದಲು ತೋಟವೆಲ್ಲ ಸುತ್ತಿ, ರೋಗ ಬಂದ ಗಿಡಗಳಿಗೆ ಕೆಂಪು ಪೇಂಟಿನಲ್ಲಿ ಇಂಟು ಹಾಕುತ್ತಾರೆ. ಚಳಿಗಾಲದಲ್ಲಿ ಆ ಗಿಡಗಳನ್ನು ಬುಡಸಮೇತ ಕೀಳುತ್ತಾರೆ. ಅಪ್ಪ ಬ್ರಷ್ ಹಿಡಿದರೆ ಡಬ್ಬ ಹಿಡಿಯುತ್ತಿದ್ದವಳು ಅವಳೇ.

"ಇಂಟು ಹಾಕಿದ್ರೆ ಕೀಳ್ಬೇಕು ಅಂತ ತಾನೇ ಮಿಸ್?"

"ಬೆಟ್ಟದ ದಾರೀಲಿ ಇಂಟು ಅಂದ್ರೆ ಈ ಕಡೆ ಬರಬೇಡಿ ಅಂತ ಮರಿ. ಎರಡು ಪಟ್ಟೆ ಒಂದರ ಕೆಳಗೊಂದು ಇದ್ರೆ ಮಾತ್ರ ಸರಿ ದಾರಿ." ಮಿಸ್ ಉಳಿದವರ ಕಡೆ ತಿರುಗಿದರು. "ನೀವು ಯಾರೂ ಹೇಳ್ಲಿಲ್ವಲ್ಲ?"

ಗಾಸ್ಪಾರ್ ಶೂ ತುದಿಯಿಂದ ಮಣ್ಣು ಕೆದಕಿದ. "ನಾನೂ ಮರ ಕಡೀತಾರೆ ಅಂತಾನೇ ಅಂದ್ಕೊಂಡೆ ಮಿಸ್."

"ನಾನೂ," ಎಂದಿತು ಹಿಂದಿನಿಂದ ಒಂದು ದನಿ.

"ನಾನೂ ಮಿಸ್."

ಮಿಸ್ ಕುಸಿದ ಗೋಡೆಯ ಮೇಲೆ ಕೂತು ನಗತೊಡಗಿದರು. ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. "ದ್ರಾಕ್ಷಿ ತೋಟದ ಹನ್ನೊಂದು ಮಕ್ಕಳನ್ನ ಕಟ್ಕೊಂಡು ಬೆಟ್ಟಕ್ಕೆ ಬಂದ ನನಗೆ ಬುದ್ಧಿ ಇಲ್ಲ."

"ಆದ್ರೆ ಮಿಸ್," ಗಾಸ್ಪಾರ್ ತಲೆ ಎತ್ತಿದ, "ನಮಗೆ ಗೊತ್ತಿಲ್ಲ, ಸರಿ. ಇವಳು ಬಂದಿದ್ಲಲ್ಲ? ಇವಳಿಗೆ ದಾರಿ ಗೊತ್ತಿರ್ಬೇಕಿತ್ತು."

ಎಲ್ಲರೂ ಎಸ್ತೆಲ್‌ಳ ಮುಖ ನೋಡಿದರು.

ಆಗ ಚಿಕ್ಕವಳಿದ್ದೆ, ಮರೆತುಹೋಯ್ತು. ಅಷ್ಟು ಹೇಳಿದರೆ ಸಾಕಿತ್ತು, ಎಲ್ಲರೂ ನಂಬುತ್ತಿದ್ದರು. ಮಾತು ನಾಲಿಗೆಯ ತುದಿಗೂ ಬಂತು. ಆದರೆ ಅಪ್ಪನ ಜೊತೆ ನಿಜವಾಗಿ ಬಂದಿದ್ದರೆ ಅವಳು ಮರೆಯುತ್ತಿದ್ದಳೇ? ಒಂದು ಕಲ್ಲನ್ನೂ ಮರೆಯುತ್ತಿರಲಿಲ್ಲ.

"ನಾನು ಬಂದಿಲ್ಲ," ಎಂದಳು. "ನಿಂಗೆ ಹತ್ತು ವರ್ಷ ಆಗ್ಲಿ, ಕರ್ಕೊಂಡು ಹೋಗ್ತೀನಿ ಅಂದಿದ್ರು ಅಪ್ಪ. ಅಷ್ಟೇ."

ನಿನೋ ಇನ್ನೊಂದು ಶೂ ಕೂಡ ಬಿಚ್ಚಿ ಕೊಡವಿದ.

"ನಮ್ಮಪ್ಪ ಇದಾರೆ," ಎಂದ ಗಾಸ್ಪಾರ್. "ಆದ್ರೂ ಕರ್ಕೊಂಡು ಬಂದಿಲ್ಲ. ಟ್ರ್ಯಾಕ್ಟರ್ ಹೋಗದ ಕಡೆ ಅವರು ಹೋಗೋದೇ ಇಲ್ಲ."

ಮಿಸ್ ಮ್ಯಾಪ್ ಮಡಚಿದರು. "ಬನ್ನಿ, ವಾಪಸ್ ಆ ಮರದ ಹತ್ತಿರ ಹೋಗೋಣ. ಎಸ್ತೆಲ್, ನೀನೇ ಮುಂದೆ ನಡಿ."

"ನಾನಾ ಮಿಸ್?"

"ಇಂಟು ಮಾರ್ಕು ಅಂದ್ರೇನು ಅಂತ ಈಗ ನಿನ್ನಷ್ಟು ಚೆನ್ನಾಗಿ ಯಾರಿಗೆ ಗೊತ್ತು?"

ಪೈನ್ ಮರದ ಎಡಕ್ಕೆ, ಪೊದೆಯ ಮರೆಯಲ್ಲಿ ಒಂದು ಕಲ್ಲಿತ್ತು. ಅದರ ಮೇಲೆ ಎರಡು ಪಟ್ಟೆ, ಮೇಲೆ ಬಿಳಿ, ಕೆಳಗೆ ಕೆಂಪು. ಅಲ್ಲಿಂದ ದಾರಿ ಕಡಿದಾಗಿತ್ತು. ಕೈ ಊರಿ ಹತ್ತಬೇಕಿತ್ತು. ಕೈಯಿಟ್ಟಲ್ಲೆಲ್ಲ ರೋಸ್ಮರಿ ಘಮ್ಮೆಂದಿತು. ಬಂಡೆಗಳು ಹತ್ತಿರವಾದಷ್ಟೂ ಎತ್ತರವಾದವು. ಸ್ಕೂಲಿನ ಕಿಟಕಿಯಿಂದ ಲೇಸ್ ಹೆಣಿಗೆಯ ಎಳೆಯಂತೆ ಕಾಣುತ್ತಿದ್ದದ್ದು ಈಗ ಚರ್ಚಿಗಿಂತ ದೊಡ್ಡ ಗೋಡೆ. ಆದರೂ ಎಷ್ಟು ತೆಳ್ಳಗೆ! ಬಿಸಿಲು ಬಿದ್ದ ಕಡೆ ಬೂದು ಬಣ್ಣ ಹೋಗಿ ಜೇನಿನ ಬಣ್ಣ ಬಂದಿತ್ತು. ಅಂಗೈ ಇಟ್ಟರೆ ಫೆಬ್ರವರಿಯಲ್ಲೂ ಬೆಚ್ಚಗಿತ್ತು.

ಕಿಟಕಿ ಅಪ್ಪ ಹೇಳಿದಂತೆಯೇ ಇತ್ತು. ಬಂಡೆಯ ನಡುವೆ ದೊಡ್ಡ ತೂತು, ಇಬ್ಬರು ಮೂವರು ನಿಲ್ಲುವಷ್ಟು. ಅದರಾಚೆ ವಾಂತು ಪರ್ವತ, ಹೆಗಲವರೆಗೂ ಹಿಮ ಹೊದ್ದುಕೊಂಡು ಕೂತಿತ್ತು. ಕೆಳಗೆ ಕಣಿವೆ, ಕಣಿವೆಯಲ್ಲಿ ನೀಲಿ ನೆರಳು. ಒಂದು ಹಕ್ಕಿ ಅವರಿಗಿಂತ ಕೆಳಗೆ ಹಾರುತ್ತಿತ್ತು. ಹಾರುವ ಹಕ್ಕಿಯ ಬೆನ್ನನ್ನು ಎಸ್ತೆಲ್ ನೋಡಿದ್ದು ಅದೇ ಮೊದಲು.

"ಬರೀ ಕಲ್ಲೇ," ಎಂದ ಗಾಸ್ಪಾರ್, ಮೆಲ್ಲಗೆ. "ಆದ್ರೆ..."

ಬ್ರೆಡ್ಡು, ಆಡಿನ ಹಾಲಿನ ಚೀಸು ತಿನ್ನುತ್ತ ಎಲ್ಲರೂ ಈ ಬದಿಗೆ, ಊರಿನ ಕಡೆಗೆ ತಿರುಗಿ ಕೂತರು. ತಂತಮ್ಮ ಮನೆ ಹುಡುಕಿದರು. ಎಸ್ತೆಲ್‌ಗೆ ಮೊದಲು ಕಂಡಿದ್ದು ಹೊಗೆ. ಗಾಳಿಯಿಲ್ಲದ ದಿನ. ಹೊಗೆ ದಾರದಂತೆ ನೆಟ್ಟಗೆ ಏಳುತ್ತಿತ್ತು. ಅದು ಅಮ್ಮನ ಕೈಗಾಡಿಯದು. ಕಬ್ಬಿಣದ ಡ್ರಮ್ಮನ್ನು ಸೀಳಿ ಗಾಡಿಗೆ ಕೂರಿಸಿದ್ದು. ದ್ರಾಕ್ಷಿ ಗಿಡಗಳಿಂದ ಸವರಿದ ಕಡ್ಡಿಗಳನ್ನು ಅದರಲ್ಲೇ ಸುಡುತ್ತ ಅಮ್ಮ ಸಾಲಿನಿಂದ ಸಾಲಿಗೆ ಹೋಗುತ್ತಾಳೆ. ಗಾಡಿಯ ಪಕ್ಕದಲ್ಲಿ ಕೆಂಪು ಚುಕ್ಕಿ, ಅಮ್ಮನ ಟೋಪಿ. ಚುಕ್ಕಿ ಬಗ್ಗಿತು. ಎದ್ದಿತು. ಒಂದು ಹೆಜ್ಜೆ ಸರಿಯಿತು. ಮತ್ತೆ ಬಗ್ಗಿತು.

"ಸವರೋದು ಇನ್ನೂ ಎಷ್ಟಿದೆ ಅಮ್ಮ?" ಎಂದು ದಿನಾ ಸಂಜೆ ಎಸ್ತೆಲ್ ಕೇಳುತ್ತಿದ್ದಳು. "ಸ್ವಲ್ಪ," ಎನ್ನುತ್ತಿದ್ದಳು ಅಮ್ಮ. ಹೋದ ಶನಿವಾರ, ಕಡ್ಡಿ ಆಯೋಕೆ ಬರ್ತೀಯಾ ಎಂದಿದ್ದಳು. ಚಳಿ ಎಂದು ಎಸ್ತೆಲ್ ಹಾಸಿಗೆಯಿಂದ ಎದ್ದಿರಲಿಲ್ಲ. ಸ್ವಲ್ಪ ತಾನೇ ಇರುವುದು ಎಂದುಕೊಂಡಿದ್ದಳು.

ಮೇಲಿನಿಂದ ಎಲ್ಲ ಸ್ಪಷ್ಟವಾಗಿ ಕಾಣುತ್ತಿತ್ತು. ಸವರಿದ ಗಿಡಗಳು ಮುಷ್ಟಿ ಹಿಡಿದಂತೆ ಬೋಳು ಬೋಳಾಗಿದ್ದವು. ಸವರದ ಗಿಡಗಳು ಕೂದಲು ಕೆದರಿಕೊಂಡು ನಿಂತಿದ್ದವು. ಬೋಳು ಜಾಗ ಇದ್ದದ್ದು ತೋಟದ ಒಂದು ಮೂಲೆಯಲ್ಲಿ, ಕರವಸ್ತ್ರದಷ್ಟು. ಕೆದರಿದ ಕೂದಲು ಇಳಿಜಾರಿನ ಉದ್ದಕ್ಕೂ, ತೊರೆಯವರೆಗೂ ಇತ್ತು.

"ಏನೇ ಅಷ್ಟೊಂದು ನೋಡ್ತಿದೀಯ?" ಎಂದ ಗಾಸ್ಪಾರ್.

"ನಮ್ಮ ತೋಟ."

ಅವನು ಪಕ್ಕಕ್ಕೆ ಸರಿದು, ಅವಳಿಗೆ ಇನ್ನಷ್ಟು ಜಾಗ ಬಿಟ್ಟ.

ಸಂಜೆ ಅಮ್ಮ ಅಡುಗೆಮನೆಯ ನಲ್ಲಿಯಲ್ಲಿ ಕೈ ತೊಳೆಯುತ್ತಿದ್ದಳು. ಅವಳ ಸ್ವೆಟರಿನಿಂದ ಹೊಗೆಯ ವಾಸನೆ ಬರುತ್ತಿತ್ತು.

"ಹೇಗಿತ್ತು ಬೆಟ್ಟ?"

"ಅಪ್ಪ ಹೇಳಿದ ಹಾಗೇ ಇತ್ತು. ಅಲ್ಲಿಂದ ನೀನೂ ಕಾಣಿಸ್ತಿದ್ದೆ."

"ಹೌದಾ? ಏನು ಮಾಡ್ತಿದ್ದೆ ನಾನು?"

"ಬಗ್ತಿದ್ದೆ. ಏಳ್ತಿದ್ದೆ."

ಅಮ್ಮ ನಕ್ಕು ನಲ್ಲಿ ನಿಲ್ಲಿಸಿದಳು.

"ಇನ್ನೂ ಎಷ್ಟಿದೆ ಅಮ್ಮ?"

"ಸ್ವಲ್ಪ."

"ಹೂಂ," ಎಂದಳು ಎಸ್ತೆಲ್.

ಮರುದಿನ ಶನಿವಾರ. ಮಲಗುವ ಮೊದಲು ಅವಳು ಶೂಗಳಿಗೆ ಮೆತ್ತಿದ್ದ ಬೆಟ್ಟದ ಮಣ್ಣನ್ನು ಒರೆಸಿದಳು. ಅವನ್ನು ಕಪಾಟಿನಲ್ಲಿ ಇಡಲಿಲ್ಲ. ಅಮ್ಮನ ಬೂಟುಗಳ ಪಕ್ಕದಲ್ಲಿ, ಬಾಗಿಲಿಗೆ ಮುಖ ಮಾಡಿ ಇಟ್ಟಳು.