ಹಲಗೆಯ ಇನ್ನೊಂದು ತುದಿ

"ಒಳಗಿರೋರು ಬಾಗಿಲಿಂದ ಸ್ವಲ್ಪ ದೂರ ನಿಂತ್ಕೊಳ್ಳಿ!"

ಆ ದನಿ ಕೇಳಿದ್ದೇ ತಡ, ಅವಳು ಎರಡು ಹೆಜ್ಜೆ ಹಿಂದೆ ಸರಿದಳು.

ಅಯ್ಯೋ ದೇವರೇ... ಇಷ್ಟೊಂದು ಬಡಗಿಗಳಿರುವಾಗ ಇವನೇ ಬರಬೇಕಿತ್ತಾ?

ಬಂದವನು ಅವಳ ಗಂಡ! ಅವನ ಮೇಲೆ ಮುನಿಸಿಕೊಂಡು ಅವಳು ಅಕ್ಕನ ಮನೆ ಸೇರಿದ್ದಳು. ಈಗ ನೋಡಿದರೆ ಕ್ಲಿನಿಕ್ಕಿನ ಬಾಗಿಲು ಉಬ್ಬಿ ಚೌಕಟ್ಟಿಗೆ ಕಚ್ಚಿಕೊಂಡಿದೆ, ಒಳಗೆ ಅವಳೂ ಡಾಕ್ಟರಮ್ಮನೂ ಸಿಕ್ಕಿಹಾಕಿಕೊಂಡಿದ್ದಾರೆ.

"ಪರಿಚಯದವರಾ?" ಡಾಕ್ಟರಮ್ಮ ಪಿಸುಗುಟ್ಟಿದರು.

"ನನ್ನ ಗಂಡ ಮೇಡಂ."

"ಹೇಳೋದು ಬಿಡೋದು ನಿಮಗೆ ಸೇರಿದ್ದು. ನಾನಂತೂ ಬಾಯಿ ಬಿಡಲ್ಲ."

ಬಾಯಿ ಬಿಡುವುದಕ್ಕೆ ಏನಿದೆ? ಬಸಿರಾದ ಸುದ್ದಿಯನ್ನು ಅವಳು ಮೊದಲು ಹೇಳಿದ್ದೇ ಅವನಿಗೆ. ಅವಳ ಸ್ವಂತ ಹೊಲಿಗೆ ಅಂಗಡಿ ಆಗಷ್ಟೇ ಕಣ್ಣು ಬಿಡುತ್ತಿತ್ತು. "ಈಗಲೇ ಬೇಡ ಅನ್ನಿಸ್ತಿದೆ ಕಣೋ... ನೀನೇನಂತೀಯಾ?" ಎಂದು ಕಣ್ತುಂಬಿಕೊಂಡು ಕೇಳಿದ್ದಳು. ಅವನು ತಲೆ ತಗ್ಗಿಸಿ, "ನಿನ್ನಿಷ್ಟ" ಎಂದ. ಅಷ್ಟೇ!

"ನಿಮ್ಮಿಷ್ಟ ಬಂದ ಹಾಗೆ ಹೊಲೀರಿ" ಎನ್ನುವ ಗಿರಾಕಿಗಳನ್ನು ಕಂಡರೇ ಅವಳಿಗೆ ದಿಗಿಲು. ಆಮೇಲೆ ಬಟ್ಟೆಯನ್ನು ಮುಖಕ್ಕೆ ಎಸೆದು, "ನಾನೆಲ್ಲಿ ಹೀಗೆ ಹೇಳಿದ್ದೆ?" ಎಂದು ಜಗಳಕ್ಕೆ ನಿಲ್ಲುವವರು ಅವರೇ. ಇವನೂ ನಾಳೆ ಹಾಗೇ ಅಂದರೆ?

ಡಾಕ್ಟರಮ್ಮ ಸ್ಕ್ಯಾನ್ ಮಾಡಿ ಎಲ್ಲ ಬಿಡಿಸಿ ಹೇಳಿದ್ದರು. "ಇನ್ನೂ ಶುರುವಿನ ವಾರಗಳು, ಮಾತ್ರೆಯಲ್ಲೇ ಆಗುತ್ತೆ. ಇವತ್ತು ಒಂದು ಇಲ್ಲೇ ನುಂಗೋದು, ಉಳಿದಿದ್ದು ಆಮೇಲೆ ಮನೆಯಲ್ಲಿ. ಹೊಟ್ಟೆ ಹಿಂಡುತ್ತೆ, ರಕ್ತ ಹೋಗುತ್ತೆ. ಅದು ಬೇಡ ಅಂದ್ರೆ ಸಣ್ಣ ನಳಿಕೆಯಿಂದ ಹೀರಿ ತೆಗೀಬಹುದು, ಕೆಲವೇ ನಿಮಿಷದ ಕೆಲಸ. ಎರಡರಲ್ಲಿ ಯಾವುದಾದ್ರೂ, ಮುಂದೆ ಮಕ್ಕಳಾಗೋಕೆ ಸಾಮಾನ್ಯವಾಗಿ ತೊಂದರೆ ಇಲ್ಲ. ಯಾರ ಬಲವಂತಕ್ಕೂ ಮಾತ್ರ ಬೇಡಮ್ಮ."

ಯಾರ ಬಲವಂತವೂ ಇರಲಿಲ್ಲ. ಮಾತ್ರೆ ಎಂದು ಅವಳು ಆಗಲೇ ನಿರ್ಧರಿಸಿದ್ದಳು. ಆದರೆ, "ಮನೆಯಲ್ಲಿ ಜೊತೆಗೆ ಯಾರಿರ್ತಾರೆ?" ಎಂದು ಡಾಕ್ಟರಮ್ಮ ಕೇಳಿದಾಗ ಅವಳಿಗೆ ನೆನಪಾದದ್ದು ಅವನೊಬ್ಬನೇ.

ಅವಳು ಬಾಗಿಲ ಹತ್ತಿರ ಹೋದಳು.

"ಲೋ... ನಾನು ಕಣೋ."

ಉಳಿಯ ಸದ್ದು ನಿಂತಿತು.

"ನೀನಾ?! ಹುಷಾರಾಗಿದ್ದೀಯಾ?"

"ಅದಿರಲಿ. ನಿನ್ನಿಷ್ಟ ಅಂತ ಕೈ ತೊಳ್ಕೊಂಡೆಯಲ್ಲ, ಯಾಕೆ?"

"ಕೈ ತೊಳ್ಕೊಂಡೆನಾ? ನಾನಾ? ನಮ್ಮ ಬಡಗಿ ಕೆಲಸದಲ್ಲಿ ಇನ್ನೊಬ್ಬರ ಹಲಗೆ ಮೇಲೆ ಪೆನ್ಸಿಲ್ ಇಡೋ ಹಾಗಿಲ್ಲ ಕಣೇ. ಯಾರು ಕೊಯ್ತಾರೋ ಅವರೇ ಗೆರೆ ಎಳೀಬೇಕು. ಪಕ್ಕದಲ್ಲಿ ನಿಂತು ಬಾಯಿ ಹಾಕಿದ್ರೆ ಮೇಸ್ತ್ರಿ ಬೆನ್ನು ಮುರೀತಾರೆ. ಇದು ನಿನ್ನ ಮೈ... ನಾನು ಏನಾದ್ರೂ ಅಂದು, ನೀನು ನನಗೋಸ್ಕರ ಮನಸ್ಸು ಬದಲಾಯಿಸಿಬಿಟ್ರೆ ಅಂತ ಭಯ ಆಯ್ತು."

ಥೂ, ಪೆದ್ದ! ಇಷ್ಟು ದಿನ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡಿದ್ದನಾ? ಅವಳಿಗೆ ಅಳುವೂ ನಗುವೂ ಒಟ್ಟಿಗೇ ಬಂತು.

"ಹಲಗೆ ಕೊಯ್ಯೋವಾಗ ಉಳಿದವರೆಲ್ಲ ಮನೆಗೆ ಹೋಗಿಬಿಡ್ತಾರಾ?"

"ಇಲ್ಲ... ಒಬ್ಬ ಇನ್ನೊಂದು ತುದಿ ಹಿಡ್ಕೋಬೇಕು. ಇಲ್ದಿದ್ರೆ ಸೀಳಿಹೋಗುತ್ತೆ."

"ಮತ್ತೆ?"

ಆಚೆ ಕಡೆ ಅವನು ಉಳಿಯನ್ನು ನೆಲಕ್ಕಿಟ್ಟ ಸದ್ದಾಯಿತು.

"ತಪ್ಪಾಯ್ತು ಕಣೇ..."

"ಬಾಗಿಲು ತೆಗೀತೀರೋ, ಹೀಗೇ ಸಂಸಾರ ಹೂಡ್ತೀರೋ?" ಎಂದರು ಡಾಕ್ಟರಮ್ಮ.

ಬಾಗಿಲು ಕಿರುಗುಟ್ಟುತ್ತಾ ತೆರೆಯಿತು. ಅವನ ತಲೆ ತುಂಬ ಮರದ ಹೊಟ್ಟು, ಕಣ್ಣು ಕೆಂಪು.

"ಗೆರೆ ಎಳೆದಾಯ್ತು. ಈಗ ಬೇಡ ಕಣೋ," ಎಂದಳು.

"ಸರಿ." ಅವನು ಡಾಕ್ಟರಮ್ಮನ ಕಡೆ ತಿರುಗಿದ. "ನಾನು ಏನೇನು ನೋಡ್ಕೋಬೇಕು ಹೇಳಿ ಮೇಡಂ."

"ಪ್ಯಾಡುಗಳು ಒಂದರ ಮೇಲೊಂದು ಬೇಗ ಬೇಗ ನೆನೆದ್ರೆ, ಜ್ವರ ಬಂದ್ರೆ, ನೋವು ತಡೆಯೋಕಾಗದಿದ್ರೆ ತಕ್ಷಣ ಕರ್ಕೊಂಡು ಬನ್ನಿ."

ಅವನು ಪಾಠ ಒಪ್ಪಿಸುವವನ ಹಾಗೆ ತಿರುಗಿ ಹೇಳಿದ. ಅವಳು ಮೊದಲ ಮಾತ್ರೆಯನ್ನು ನುಂಗಿ, ಅವನ ಜೊತೆ ತಮ್ಮ ಮನೆಗೆ ಹೊರಟಳು.

ಉಳಿದ ಮಾತ್ರೆ ತೆಗೆದುಕೊಂಡ ದಿನ ಅವನು ಕೆಲಸಕ್ಕೆ ಹೋಗಲಿಲ್ಲ. ಹೊಟ್ಟೆ ಹಿಂಡಿದಾಗಲೆಲ್ಲ ಬಿಸಿನೀರಿನ ಚೀಲ ಬದಲಾಯಿಸಿದ, ಬೆನ್ನು ನೀವಿದ. ಸಂಜೆಗೆ ನೋವು ಇಳಿಯಿತು. ಕಿಟಕಿಯಿಂದ ಬಂದ ಬಿಸಿಲು ಹಾಸಿಗೆಯ ಮೇಲೆ ಬಿದ್ದಿತ್ತು. ಅವಳಿಗೆ ಎಷ್ಟೋ ದಿನಗಳ ಮೇಲೆ ಹಸಿವಾಯಿತು!

"ನಿಂಗೆ ಬೇಜಾರಾ?" ಅವನ ತೊಡೆಯ ಮೇಲೆ ತಲೆಯಿಟ್ಟು ಕೇಳಿದಳು.

"ಸ್ವಲ್ಪ. ಸುಳ್ಳು ಹೇಳಲ್ಲ. ಆದ್ರೆ ನಿನ್ನ ಮೇಲಲ್ಲ. ನಿಂಗೆ?"

"ಮನಸ್ಸು ಹಗುರ ಆಗಿದೆ... ಕೈ ಬಿಡಬೇಡ ಕಣೋ."

"ತುದಿ ಹಿಡ್ಕೊಂಡೇ ಇದ್ದೀನಿ. ನೀನು ಮಲ್ಕೋ."